ನರ್ಸ್ ಬರೆದ ಲೆಕ್ಕ ಊರಿಗೆ ಮರಳಲಿ

ಸಂಪಾದಕರಿಗೆ,

ಮಾನ್ಯರೆ,

ಕಾಸರಗೋಡು ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಸಾಲುತ್ತಿಲ್ಲ, ಕೆಲವು ಉಪಕೇಂದ್ರಗಳ ಬಾಗಿಲು ತೆರೆಯುವುದೇ ಅಪರೂಪ ಎಂಬ ದೂರುಗಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಪ್ರಕಟವಾಗುತ್ತವೆ. ಆ ದೂರುಗಳಲ್ಲಿ ಹುರುಳಿದೆ. ಆದರೆ ಚರ್ಚೆ ಪ್ರತಿಸಲವೂ ತಲೆಯೆಣಿಕೆಗೇ ನಿಂತುಬಿಡುತ್ತದೆ: ಎಷ್ಟು ಹುದ್ದೆ, ಎಷ್ಟು ಖಾಲಿ, ಯಾವಾಗ ಭರ್ತಿ. ಬಂದ ನರ್ಸ್ ಯಾವ ಭಾಷೆ ಬಲ್ಲವಳು, ಎಷ್ಟು ವರ್ಷ ಇಲ್ಲಿ ನಿಲ್ಲುತ್ತಾಳೆ, ಮನೆಮನೆಗೆ ಹೋಗಿ ಅವಳು ಕಂಡುದನ್ನು ಯಾರು ಕೇಳಿಸಿಕೊಳ್ಳುತ್ತಾರೆ ಎಂಬ ಮಾತು ಬರುವುದೇ ಇಲ್ಲ. 1987ರಿಂದ 2020ರ ಮೇ 31ರವರೆಗೆ ಈ ಜಿಲ್ಲೆಯ ಉತ್ತರ ಭಾಗದ ಹಳ್ಳಿಗಳಲ್ಲಿ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್ ಆಗಿ, ಕೊನೆಯ ಕೆಲವು ವರ್ಷ ಮೇಲ್ವಿಚಾರಕಿಯಾಗಿ ದುಡಿದ ಅನುಭವದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾಗಿದೆ, ಮನ್ನಿಸಬೇಕು.

ನನ್ನ ಅರಿಕೆ ಇಷ್ಟು. ಗಡಿನಾಡಿನ ಹಳ್ಳಿಗಳಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ತಾವು ಕಂಡುದರ ಬಗ್ಗೆ ಪ್ರಶ್ನೆ ಎತ್ತುವ, ಲೆಕ್ಕ ಇಡುವ, ಕಾರಣ ಹುಡುಕುವ ತರಬೇತಿಯನ್ನೂ ಅಧಿಕಾರವನ್ನೂ ಕೊಡಬೇಕು. ಆ ಕೆಲಸಕ್ಕೆ ಈ ಊರಿನ ಮಾತು ಬಲ್ಲ, ಈ ಊರಲ್ಲೇ ನಿಲ್ಲುವ ನರ್ಸ್‌ಗಳನ್ನು ಇಲ್ಲಿಯೇ ಬೆಳೆಸಬೇಕು. ನರ್ಸಿಂಗ್ ಸಂಶೋಧನೆ ಎಂದೊಡನೆ ಜನರಿಗೆ ದೊಡ್ಡ ನಗರದ ಕಾಲೇಜು, ಇಂಗ್ಲಿಷ್ ಪ್ರಬಂಧ ನೆನಪಾಗುತ್ತದೆ. ಹಾಸಿಗೆ ಹಿಡಿದವನ ಬೆನ್ನ ಹುಣ್ಣು ಈ ಮನೆಯಲ್ಲಿ ಒಣಗಿ ಆ ಮನೆಯಲ್ಲಿ ಯಾಕೆ ಒಣಗಲಿಲ್ಲ, ಬಸುರಿ ಹೆಂಗಸು ಕಬ್ಬಿಣದ ಮಾತ್ರೆಯನ್ನು ಯಾಕೆ ಡಬ್ಬಿಯಲ್ಲೇ ಉಳಿಸಿದಳು ಎಂದು ಕೇಳಿ, ಐವತ್ತು ಮನೆಗಳಲ್ಲಿ ಕ್ರಮವಾಗಿ ನೋಡಿ, ಬರೆದು, ಹೋಲಿಸುವುದೂ ಸಂಶೋಧನೆಯೇ. ಸಂಶೋಧನೆಯನ್ನು ಕಾಲೇಜಿನವರಿಗೂ ನರ್ಸ್‌ಗಳ ಕೊರತೆಯನ್ನು ಸರಕಾರಕ್ಕೂ ಹಂಚಿಕೊಟ್ಟು, ಎರಡನ್ನೂ ಬೇರೆ ಬೇರೆಯಾಗಿ ನೋಡಿದ್ದರಿಂದಲೇ ಎರಡೂ ಬಗೆಹರಿಯದೆ ಉಳಿದಿವೆ ಎಂಬುದು ನನ್ನ ತಿಳಿವಳಿಕೆ.

ಉಪಕೇಂದ್ರದ ನರ್ಸ್ ಬರೆಯುವಷ್ಟು ಬಹುಶಃ ಯಾವ ಕಚೇರಿಯ ಗುಮಾಸ್ತರೂ ಬರೆಯುವುದಿಲ್ಲ. ಬಸುರಿಯರ ರಿಜಿಸ್ಟರ್, ಹೆರಿಗೆಯ ರಿಜಿಸ್ಟರ್, ಮಗುವಿನ ತೂಕ, ಚುಚ್ಚುಮದ್ದು, ಕುಟುಂಬ ಯೋಜನೆ, ಜ್ವರದ ಸರ್ವೆ, ಬಾವಿಗೆ ಕ್ಲೋರಿನ್ ಹಾಕಿದ ಲೆಕ್ಕ, ಬಿಪಿ-ಶುಗರ್ ಇರುವವರ ಪಟ್ಟಿ. ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ದೇಶದ ಮಾನದಂಡ; ಅಷ್ಟು ಜನರ ಹುಟ್ಟು-ಸಾವು, ಕಾಯಿಲೆ-ಕಸಾಲೆ ಒಬ್ಬಳ ಕೈಬರಹದಲ್ಲಿ ಇರುತ್ತದೆ. ಈಗ ಪುಸ್ತಕದ ಜತೆಗೆ ಮೊಬೈಲೂ ಬಂದಿದೆ. 30 ವರ್ಷ ದಾಟಿದವರ ಜೀವನಶೈಲಿ ರೋಗಗಳನ್ನು ಆಶಾ ಕಾರ್ಯಕರ್ತೆಯರು ‘ಶೈಲಿ’ ಆ್ಯಪ್‌ನಲ್ಲಿ ತುಂಬುತ್ತಾರೆ. ತಿಂಗಳ ಕೊನೆಗೆ ಎಲ್ಲವೂ ಅಂಕೆಗಳಾಗಿ ಮೇಲಕ್ಕೆ ಹೋಗುತ್ತದೆ. ಮೇಲಿನಿಂದ ಕೆಳಗೆ ಬರುವುದು ಗುರಿ ಮುಟ್ಟಿಲ್ಲ ಎಂಬ ಜ್ಞಾಪನ ಪತ್ರ. ನನ್ನ ಸೇವೆಯ ಅಷ್ಟೂ ವರ್ಷಗಳಲ್ಲಿ, ನಾನು ಕಳಿಸಿದ ಲೆಕ್ಕದಿಂದ ನನ್ನ ಊರಿನ ಬಗ್ಗೆ ಏನು ತಿಳಿಯಿತು ಎಂದು ಯಾರೂ ನನಗೆ ತಿಳಿಸಿದ್ದಿಲ್ಲ, ಏನನ್ನಿಸುತ್ತದೆ ಎಂದು ಕೇಳಿದ್ದೂ ಇಲ್ಲ.

ಇದರ ಬೆಲೆ ಏನು ಎಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ನಾನು ತೋಟದ ಮಗ್ಗುಲಿನ ಒಂದು ಉಪಕೇಂದ್ರದಲ್ಲಿದ್ದೆ. ಹೆಲಿಕಾಪ್ಟರ್ ಬರುವ ದಿನ ಮಕ್ಕಳು ಅಂಗಳಕ್ಕೆ ಓಡಿ ಮೇಲೆ ನೋಡುತ್ತಿದ್ದರು. ನಮ್ಮಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ತೆರೆದ ಮದಗಕ್ಕೆ ಬೀಳುತ್ತದೆ. ಬಾವಿಗೆ ಮಡಲು ಮುಚ್ಚಬಹುದು, ಹರಿಯುವ ತೋಡಿಗೆ ಏನು ಮುಚ್ಚುವುದು? ಹೆರಿಗೆಯ ರಿಜಿಸ್ಟರ್ ಬರೆಯುವಾಗ, ತಲೆ ಮಾತ್ರ ಬೆಳೆಯುತ್ತಿದ್ದ ಮಗು, ಕೈಕಾಲು ಸೆಟೆದ ಮಗು, ತಿಂಗಳು ತುಂಬುವ ಮೊದಲೇ ಕಳೆದುಹೋದ ಬಸುರು, ಇಂಥವುಗಳ ಹೆಸರಿನ ಎದುರು ನಾನು ಪೆನ್ಸಿಲಿನಲ್ಲಿ ಒಂದು ಸಣ್ಣ ಗುಣಾಕಾರದ ಗುರುತು ಹಾಕುತ್ತಿದ್ದೆ. ಯಾರೂ ಹೇಳಿರಲಿಲ್ಲ, ಮನಸ್ಸಿಗೆ ಬಂದು ಹಾಕಿದ್ದು. ಒಂದು ಪುಟದಲ್ಲಿ ಅಂಥ ನಾಲ್ಕು ಗುರುತು ಸೇರಿದ ದಿನ ತಪಾಸಣೆಗೆ ಬಂದ ಅಧಿಕಾರಿಗೆ ಅದನ್ನು ತೋರಿಸಿದೆ. ‘ರಿಜಿಸ್ಟರಿನಲ್ಲಿ ಕಾಲಂ ಇರುವುದನ್ನು ಮಾತ್ರ ಬರೆಯಿರಿ, ಗೀಚಬೇಡಿ’ ಎಂಬ ಉತ್ತರ ಬಂತು. ನಾನು ರಬ್ಬರಿನಿಂದ ಅಳಿಸಿದೆ. ಅಳಿಸಿದ ಜಾಗದಲ್ಲಿ ಕಾಗದ ತೆಳುವಾಗಿ, ಬೆಳಕಿಗೆ ಹಿಡಿದರೆ ಆ ನಾಲ್ಕು ಗುರುತು ಕಾಣುತ್ತಿತ್ತು.

ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಆ ಕಾಲಂ ಇರಲಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳು ಯಾಕೆ ಹೀಗಿವೆ ಎಂದು ಗಮನಿಸಿ, ಪಟ್ಟಿ ಮಾಡಿ, ಎಲ್ಲರ ಮುಂದೆ ಇಟ್ಟ ಮೇಲೆಯೇ ಹೊರಗಿನವರು ಇತ್ತ ಕಣ್ಣು ಹಾಯಿಸಿದ್ದು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಂಡ ಬಂದು ಸಿಂಪಡಣೆಗೆ ಒಳಗಾದ ಊರಿನ 117 ಹುಡುಗರನ್ನೂ ಸಿಂಪಡಣೆಯಿಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿ, ಮೊದಲಿನವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಸಿಂಪಡಣೆ ನಿಂತು ವರ್ಷಗಳೇ ಆಗಿದ್ದವು. 1970ರ ದಶಕದ ಕೊನೆಗೆ ಆರಂಭವಾದದ್ದು 2000ದವರೆಗೂ ನಡೆದಿತ್ತು. ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆದದ್ದು 2011ರ ಮೇಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರ ಜನವರಿಯಲ್ಲಿ. ಈ ಎಲ್ಲ ದಿನಾಂಕಗಳಿಗಿಂತ ಮೊದಲೇ ಹುಟ್ಟಿನ ಲೆಕ್ಕ ಉಪಕೇಂದ್ರಗಳ ಕಪಾಟಿನಲ್ಲಿತ್ತು. ಅಕ್ಕಪಕ್ಕದ ನಾಲ್ಕು ಉಪಕೇಂದ್ರಗಳ ನರ್ಸ್‌ಗಳನ್ನು ಒಂದು ದಿನ ಒಟ್ಟಿಗೆ ಕೂರಿಸಿ, ‘ನಿಮಗೇನು ವಿಶೇಷ ಕಂಡಿತು’ ಎಂದು ಕೇಳುವ ವ್ಯವಸ್ಥೆಯಿದ್ದಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು, ಎಷ್ಟು ಬಸುರು ಉಳಿಯುತ್ತಿತ್ತು ಎಂದು ಯೋಚಿಸಿದರೆ ಇಂದಿಗೂ ನಿದ್ದೆ ಬರುವುದಿಲ್ಲ.

ಆ ಮಕ್ಕಳಲ್ಲಿ ಬದುಕಿ ಉಳಿದವರಿಗೆ ಈಗ ಮೂವತ್ತು ದಾಟಿದೆ. ಅವರನ್ನು ಎತ್ತಿ ಮೀಯಿಸುವ, ಗಂಜಿ ಕುಡಿಸುವ ತಾಯಂದಿರಿಗೆ ಅರುವತ್ತು ದಾಟಿದೆ. ಅವರಿಗೇ ಸೊಂಟ ನೋವು, ಮೊಣಕಾಲು ನೋವು, ಬಿಪಿ. ಐವತ್ತು ಕಿಲೋ ತೂಗುವ ಮಗನನ್ನು ಒಬ್ಬಳೇ ಮಗ್ಗುಲು ತಿರುಗಿಸುವ ಹೆಂಗಸಿನ ಬೆನ್ನು ಏನಾಗಿರಬಹುದು, ಅಪಸ್ಮಾರದ ಮಾತ್ರೆ ಮುಗಿದ ದಿನ ಅವಳು ಏನು ಮಾಡುತ್ತಾಳೆ, ಅವಳ ನಂತರ ಅವನಿಗೆ ಯಾರು? ಪರಿಹಾರದ ಪಟ್ಟಿ, ವೈದ್ಯಕೀಯ ಶಿಬಿರ, ವಿಶೇಷ ಅಗತ್ಯವಿರುವ ಮಕ್ಕಳ ಬಡ್ಸ್ ಶಾಲೆ ಇವೆಲ್ಲ ಆಗಿವೆ, ಆಗಲೇಬೇಕಿತ್ತು. ಆದರೆ ಈ ಆರೈಕೆಯ ಪ್ರಶ್ನೆಗಳು ಅಪ್ಪಟ ನರ್ಸಿಂಗಿನ ಪ್ರಶ್ನೆಗಳು. ಅವನ್ನು ಆ ಮನೆಯ ಜಗಲಿಯಲ್ಲಿ ಕೂತು ಕೇಳಬಲ್ಲವಳು ವಾರಕ್ಕೊಮ್ಮೆ ಹೋಗುವ ನರ್ಸ್ ಮಾತ್ರ.

ಹಳ್ಳಿಯಲ್ಲಿ ಇಂಥದ್ದು ಸಾಧ್ಯವೇ ಎಂದು ಅನುಮಾನಿಸುವವರು ಮಹಾರಾಷ್ಟ್ರದ ಗಡ್‌ಚಿರೋಲಿಯನ್ನು ನೋಡಬೇಕು. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಯ ತಂಡ 39 ಹಳ್ಳಿಗಳ ಹೆಂಗಸರಿಗೆ ನವಜಾತ ಶಿಶುಗಳ ಆರೈಕೆಯನ್ನು, ನಂಜು ಏರಿದಾಗ ಕೊಡಬೇಕಾದ ಮದ್ದನ್ನು ಕಲಿಸಿ, ಆರೈಕೆ ಸಿಗದ ಹಳ್ಳಿಗಳ ಜತೆ ಹೋಲಿಸಿ ನೋಡಿತು. ನವಜಾತ ಶಿಶುಗಳ ಮರಣ ಶೇಕಡ 62ರಷ್ಟು ಇಳಿದದ್ದನ್ನು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಮುಂದೆ 2011ರಲ್ಲಿ ಆಶಾ ಕಾರ್ಯಕರ್ತೆಯರು ಹೆತ್ತ ಮನೆಗೆ ಹೋಗಿ ಮಗುವನ್ನು ನೋಡುವ ಕ್ರಮ ದೇಶದಲ್ಲಿ ಆರಂಭವಾದದ್ದರ ಹಿಂದೆ ಈ ಕೆಲಸವಿದೆ. ನಮ್ಮದೇ ರಾಜ್ಯದಲ್ಲಿ 1993ರಲ್ಲಿ ಕೋಝಿಕ್ಕೋಡಿನಲ್ಲಿ ಹುಟ್ಟಿದ ಪಾಲಿಯೇಟಿವ್ ಆರೈಕೆಯ, ಎಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ, ಚಳವಳಿ ಊರವರನ್ನೂ ನರ್ಸ್‌ಗಳನ್ನೂ ನೆಚ್ಚಿಕೊಂಡು ಬೆಳೆಯಿತು; 2008ರಲ್ಲಿ ಕೇರಳ ಸರಕಾರ ಅದನ್ನೇ ನೀತಿಯಾಗಿ ಒಪ್ಪಿತು. ಇಂದು ಪಂಚಾಯತಿನ ಜೀಪಿನಲ್ಲಿ ಚೀಲ ಹಿಡಿದು ಮನೆಗೆ ಬರುವ ಪಾಲಿಯೇಟಿವ್ ನರ್ಸ್ ಆ ದಾರಿಯಲ್ಲಿ ಬಂದವಳು.

ಆ ಚೀಲ ಹಿಡಿದು ನಾನೂ ಕೆಲವು ಸಲ ಜತೆಗೆ ಹೋಗಿದ್ದೇನೆ. ಒಂದು ಮನೆಯ ನೆನಪು ಹೇಳುತ್ತೇನೆ. ಅಡಿಕೆಗೆ ಬೋರ್ಡೋ ಮದ್ದು ಬಿಡಲು ಹತ್ತಿದವನು ಮಳೆಗಾಲದ ಜಾರುವ ಮರದಿಂದ ಬಿದ್ದು ಸೊಂಟದಿಂದ ಕೆಳಗೆ ಬಲ ಕಳೆದುಕೊಂಡಿದ್ದ. ಬಸ್ಸಿಳಿದು ಗುಡ್ಡೆ ಇಳಿದು, ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಿ ಹೋಗಬೇಕು. ದಾನಿಗಳು ಕೊಟ್ಟ ಗಾಳಿ ಹಾಸಿಗೆ ಇತ್ತು, ಅದರ ಪಂಪು ಓಡಲು ಕರೆಂಟು ಬೇಕು, ಆಟಿ ತಿಂಗಳಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಅವನ ಹೆಂಡತಿ ಬೀಡಿ ಕಟ್ಟುತ್ತ ಗಂಟೆ ಲೆಕ್ಕ ಇಡುತ್ತಿದ್ದಳು: ಒಂದು ಕಟ್ಟು ಬೀಡಿ ಮುಗಿದರೆ ಎದ್ದು ಅವನನ್ನು ಎಡಕ್ಕೆ ಹೊರಳಿಸುವುದು, ಇನ್ನೊಂದು ಕಟ್ಟು ಮುಗಿದರೆ ಬಲಕ್ಕೆ. ಅಡಿಕೆ ಹಾಳೆ ಕತ್ತರಿಸಿ, ಹಳೆ ಸೀರೆ ಸುತ್ತಿ ಹಿಮ್ಮಡಿಗೆ ಆನಿಸುವ ದಿಂಬು ಮಾಡಿದ್ದಳು. ಅವನ ಬೆನ್ನಿನಲ್ಲಿ ಹುಣ್ಣು ಇರಲಿಲ್ಲ. ಆಸ್ಪತ್ರೆಯಲ್ಲಿ ಒಳ್ಳೆಯ ಮಂಚದ ಮೇಲೆ ಮಲಗಿದವರಿಗೆ ಬೀಳುವ ಹುಣ್ಣು ಈ ಮನೆಯಲ್ಲಿ ಯಾಕೆ ಬೀಳಲಿಲ್ಲ ಎಂದು ನಾನು ಬೆರಗಾದೆ, ಚೀಟಿಯಲ್ಲಿ ‘ಹುಣ್ಣು ಇಲ್ಲ’ ಎಂದು ಬರೆದೆ, ಬಂದೆ. ಅಷ್ಟೆ. ಅಡಿಕೆ ಮರದಿಂದ ಬಿದ್ದು ಮಲಗಿದವರು ಈ ಸೀಮೆಯ ಪ್ರತಿ ಪಂಚಾಯತಿನಲ್ಲೂ ಇದ್ದಾರೆ. ಅವರ ಮನೆಗಳಲ್ಲಿ ಹೆಂಗಸರು ಕಂಡುಕೊಂಡ ಉಪಾಯಗಳಲ್ಲಿ ಯಾವುದು ಫಲ ಕೊಡುತ್ತದೆ, ಯಾವುದು ಅಪಾಯ ಎಂದು ಒಬ್ಬ ನರ್ಸ್ ಎರಡು ಮಳೆಗಾಲ ಕ್ರಮವಾಗಿ ನೋಡಿ ಬರೆದಿದ್ದರೆ, ಅದು ತೀರ್ಥಹಳ್ಳಿಗೂ ಶಿರಸಿಗೂ ಅಡಿಕೆ ಬೆಳೆಯುವ ಎಲ್ಲ ಊರಿಗೂ ಬೇಕಾದ ತಿಳಿವಳಿಕೆ.

ಇನ್ನು ಭಾಷೆಯ ಮಾತು. ಇದನ್ನು ಗಡಿವಿವಾದದ ಮಾತಾಗಿ ಎತ್ತುತ್ತಿಲ್ಲ, ಕಾಯಿಲೆಯ ಮಾತಾಗಿ ಎತ್ತುತ್ತಿದ್ದೇನೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಮಾತು ಒಂದೇ ವಾರ್ಡಿನಲ್ಲಿ ಕೇಳಿಬರುವ ಸೀಮೆ ನಮ್ಮದು. ಶುಗರ್ ಇದ್ದ ಒಬ್ಬ ಅಜ್ಜಿ ಆಸ್ಪತ್ರೆಯಲ್ಲಿ ತುಳುವಿನಲ್ಲಿ ‘ಕಾರ್ ಜೋಮು ಪತ್ತುಂಡು’ ಎಂದು ತಿಂಗಳಿಂದ ತಿಂಗಳಿಗೆ ಹೇಳುತ್ತಿದ್ದರು. ಕೇರಳದ ದಕ್ಷಿಣದ ಜಿಲ್ಲೆಯೊಂದರಿಂದ ಹೊಸತಾಗಿ ಬಂದ ನರ್ಸ್‌ಗೆ ‘ಕಾರ್’ ಎಂದರೆ ಕಾಲು ಎಂಬುದು ಕೈಸನ್ನೆಯಿಂದ ತಿಳಿಯಿತು, ‘ಜೋಮು’ ತಿಳಿಯಲಿಲ್ಲ. ಅವಳು ಪುಸ್ತಕದಲ್ಲಿ ಕಾಲುನೋವು ಎಂದು ಬರೆದಳು, ನೋವಿನ ಮಾತ್ರೆ ಹೋಯಿತು. ಜೋಮು ಎಂದರೆ ಸ್ಪರ್ಶ ಕಳೆದುಕೊಳ್ಳುವುದು. ಮಲಯಾಳದಲ್ಲಿ ಅದಕ್ಕೆ ‘ತರಿಪ್ಪ್’ ಎನ್ನುತ್ತಾರೆ. ಶುಗರಿನವರಲ್ಲಿ ನೋವಿಗೂ ಜೋಮಿಗೂ ಅಜಗಜಾಂತರ, ಜೋಮು ಹಿಡಿದ ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಅಜ್ಜಿಯ ಹೆಬ್ಬೆರಳಿನ ಗಾಯ ಮನೆಯವರ ಕಣ್ಣಿಗೆ ಬಿದ್ದಾಗ ಕಪ್ಪಾಗಿತ್ತು. ಬೆರಳು ತೆಗೆಯಬೇಕಾಯಿತು. ಆ ಹುಡುಗಿ ನನ್ನೆದುರು ಅತ್ತಳು. ಅವಳು ಕಷ್ಟಪಟ್ಟು ಕೆಲಸ ಮಾಡುವವಳು, ಅವಳದ್ದು ತಪ್ಪಲ್ಲ. ಹವ್ಯಕ ಅಜ್ಜ ‘ಎಡಿತ್ತಿಲ್ಲೆ’ (ಆಗುವುದಿಲ್ಲ) ಎಂದರೆ ಆಯಾಸವೋ ಉಸಿರಾಟದ ತೊಂದರೆಯೋ ಎಂದು ಇನ್ನೆರಡು ಮಾತು ಕೇಳಬೇಕು ಎಂಬುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಈಗ ನಮ್ಮ ಹುಡುಗಿಯರು ಜರ್ಮನಿಗೆ ಹೋಗುತ್ತಿದ್ದಾರೆ. ಅಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಕಲಿತು ಪರೀಕ್ಷೆ ದಾಟಬೇಕು. ಕೇರಳ ಸರಕಾರದ ನೋರ್ಕ ರೂಟ್ಸ್ ಸಂಸ್ಥೆಯೇ ‘ಟ್ರಿಪಲ್ ವಿನ್’ ಯೋಜನೆಯಲ್ಲಿ ಅವರಿಗೆ ಜರ್ಮನ್ ಕಲಿಸುವ ಏರ್ಪಾಡು ಮಾಡಿದೆ. ಒಳ್ಳೆಯದು, ದುಡಿಯುವವರು ಚೆನ್ನಾಗಿರಲಿ. ರೋಗಿಯ ಭಾಷೆ ತಿಳಿಯದೆ ಆರೈಕೆ ಇಲ್ಲ ಎಂದು ಜರ್ಮನಿಯ ರೋಗಿಯ ವಿಷಯದಲ್ಲಿ ಒಪ್ಪಿಕೊಂಡ ಮೇಲೆ, ನಮ್ಮ ಜಿಲ್ಲೆಯ ಪೈವಳಿಕೆಯ ರೋಗಿಯ ವಿಷಯದಲ್ಲೂ ಒಪ್ಪಬೇಡವೇ? ಕಾಸರಗೋಡಿನ ಕೆಲವು ಹುದ್ದೆಗಳಿಗೆ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರನ್ನೇ ಲೋಕಸೇವಾ ಆಯೋಗ ಆಯ್ಕೆ ಮಾಡುವ ಕ್ರಮ ಇದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಉಪಕೇಂದ್ರಗಳ ನರ್ಸ್‌ಗಳ ವಿಷಯದಲ್ಲಿ ಇದನ್ನು ಗಟ್ಟಿಯಾಗಿ ಪಾಲಿಸಲಿ. ಹೊರಗಿನಿಂದ ಬಂದವರಿಗೆ ಸಂಬಳ ಸಹಿತ ಮೂರು ತಿಂಗಳು ಕನ್ನಡ, ತುಳು ಆಡುಮಾತು ಕಲಿಸಲಿ.

ನಿಲ್ಲುವ ಮಾತಿಗೆ ಬರುತ್ತೇನೆ. ಗಡಿನಾಡಿನ ಕನ್ನಡ ಹುಡುಗಿ ನರ್ಸಿಂಗ್ ಓದಬೇಕೆಂದರೆ ಮಂಗಳೂರಿಗೆ ಹೋಗುತ್ತಾಳೆ. ತಾಯಿಯ ಚಿನ್ನ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ ನಾಲ್ಕು ವರ್ಷ ಬಿಎಸ್ಸಿ ಮುಗಿಸಿದವಳಿಗೆ ಊರಿನಲ್ಲಿ ಸಿಗುವುದು ಹೆಚ್ಚಾಗಿ ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ನವೀಕರಣ. ಸಾಲದ ಕಂತು ಕಟ್ಟಬೇಕಾದವಳು ಗಲ್ಫಿಗೋ ಯುರೋಪಿಗೋ ಹೊರಟರೆ ಅವಳನ್ನು ದೂರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಜಗತ್ತಿನಲ್ಲಿ 2 ಕೋಟಿ 79 ಲಕ್ಷ ನರ್ಸ್‌ಗಳಿದ್ದಾರೆ, ಇನ್ನೂ 59 ಲಕ್ಷ ಮಂದಿ ಬೇಕು ಎಂದಿತು. ಆ ಕೊರತೆಯ ಬಹುಪಾಲು ಇರುವುದು ನಮ್ಮಂಥ ದೇಶಗಳಲ್ಲಿ. ಅದೇ ಸಂಸ್ಥೆ 2010ರಲ್ಲೂ 2021ರಲ್ಲೂ ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಬಗೆಯನ್ನು ಬರೆದಿಟ್ಟಿದೆ: ಹಳ್ಳಿಯ ಮಕ್ಕಳನ್ನೇ ಕೋರ್ಸಿಗೆ ಸೇರಿಸಿಕೊಳ್ಳಿ, ಕಾಲೇಜನ್ನು ನಗರದಿಂದ ಹೊರಗೆ ಕಟ್ಟಿ, ಓದುವಾಗಲೇ ಹಳ್ಳಿಯಲ್ಲಿ ಕೆಲಸ ಮಾಡಿಸಿ, ವಾಸಕ್ಕೆ ಯೋಗ್ಯ ಮನೆ ಕೊಡಿ, ಮೇಲೇರಲು ದಾರಿ ಇಡಿ. ಕೊನೆಯದ್ದು ಮುಖ್ಯ. ಹಳ್ಳಿಯಲ್ಲಿ ಇಪ್ಪತ್ತು ವರ್ಷ ದುಡಿದ ನರ್ಸ್‌ಗೆ ವರ್ಗಾವಣೆಯ ಹೊರತು ಬೇರೆ ಯಾವ ಮನ್ನಣೆಯೂ ಇಲ್ಲದಿದ್ದರೆ, ನಿಲ್ಲು ಎಂದು ಯಾವ ಬಾಯಲ್ಲಿ ಹೇಳುವುದು? ಆಶಾ ಕಾರ್ಯಕರ್ತೆಯರು 2025ರ ಫೆಬ್ರವರಿ 10ರಿಂದ ತಿರುವನಂತಪುರದ ಸಚಿವಾಲಯದ ಮುಂದೆ ತಿಂಗಳುಗಟ್ಟಲೆ ಮಳೆ ಬಿಸಿಲಿಗೆ ಕೂತರು. ಅವರ ಗೌರವಧನ ಆಗ ತಿಂಗಳಿಗೆ 7,000 ರೂಪಾಯಿ. ನಮ್ಮ ಲೆಕ್ಕದ ಮೊದಲ ಸಾಲನ್ನು ಬರೆಯುವವರು ಅವರು.

2020ರ ಮಾರ್ಚ್ ಕೊನೆಗೆ ಕೋವಿಡ್ ಕಾರಣದಿಂದ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಮಂಗಳೂರು ಆಸ್ಪತ್ರೆಗಳನ್ನೇ ನಂಬಿದ್ದ ಈ ಸೀಮೆಯ ರೋಗಿಗಳು ದಾರಿಯಲ್ಲೇ ಉಳಿದದ್ದನ್ನು, ಕೆಲವರು ಜೀವ ಕಳೆದುಕೊಂಡದ್ದನ್ನು ನಿಮ್ಮ ಓದುಗರು ಮರೆತಿರಲಾರರು. ನನ್ನ ಸೇವೆಯ ಕೊನೆಯ ಎರಡು ತಿಂಗಳು ಅದೇ ಆಗಿತ್ತು. ಡಯಾಲಿಸಿಸ್‌ಗೆ, ಕೀಮೋಗೆ ಮಂಗಳೂರು ಬಳಿಯ ದೇರಳಕಟ್ಟೆಗೆ ಹೋಗುತ್ತಿದ್ದವರ ಪಟ್ಟಿ ಮಾಡಿ, ಫೋನಿನಲ್ಲಿ ವಿಚಾರಿಸಿ, ಯಾರ ಮನೆಯಲ್ಲಿ ಎಷ್ಟು ದಿನದ ಮದ್ದು ಉಳಿದಿದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನಡೆಸಿದ್ದು ನರ್ಸ್‌ಗಳೂ ಆಶಾಗಳೂ. ಆ ಅನುಭವವನ್ನು ಯಾರೂ ಕ್ರಮವಾಗಿ ನಮ್ಮಿಂದ ಕೇಳಿ ಬರೆದುಕೊಳ್ಳಲಿಲ್ಲ. ಮುಂದೊಮ್ಮೆ ಗಡಿ ಮುಚ್ಚಿದರೆ ಮತ್ತೆ ಮೊದಲಿನಿಂದ ಕಲಿಯಬೇಕು.

ಸಂಶೋಧನೆ ನಡೆಯುವುದೇ ಇಲ್ಲ ಎಂದಲ್ಲ. ಬಿಎಸ್ಸಿ ನರ್ಸಿಂಗ್ ಪಠ್ಯದಲ್ಲೇ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಇದೆ, ವಿದ್ಯಾರ್ಥಿಗಳು ಗುಂಪಾಗಿ ಒಂದು ಪ್ರಾಜೆಕ್ಟ್ ಮಾಡುತ್ತಾರೆ. ಎಂಎಸ್ಸಿಯಲ್ಲಿ ಪ್ರತಿಯೊಬ್ಬರೂ ಪ್ರಬಂಧ ಬರೆಯಬೇಕು. ಆದರೆ ಆಯ್ದ ಹಳ್ಳಿಯ ತಾಯಂದಿರಿಗೆ ಒಂದು ಪ್ರಶ್ನಾವಳಿ ಕೊಟ್ಟು, ಅರ್ಧ ಗಂಟೆ ಪಾಠ ಹೇಳಿ, ವಾರ ಬಿಟ್ಟು ಅದೇ ಪ್ರಶ್ನಾವಳಿ ಕೊಟ್ಟು, ಜ್ಞಾನ ಹೆಚ್ಚಿದೆ ಎಂದು ತೀರ್ಮಾನಿಸುವ ಒಂದೇ ಅಚ್ಚಿನ ಪ್ರಬಂಧಗಳು ವರ್ಷವರ್ಷವೂ ಬೈಂಡಾಗಿ ಗ್ರಂಥಾಲಯದ ಕಪಾಟು ಸೇರುತ್ತಿವೆ. ನನ್ನ ಉಪಕೇಂದ್ರಕ್ಕೂ ಇಂಥ ತಂಡಗಳು ಬಂದಿದ್ದವು, ಮಕ್ಕಳು ಶ್ರದ್ಧೆಯಿಂದ ಕೆಲಸ ಮಾಡಿದರು, ಒಂದು ಪ್ರತಿಯೂ ನಮ್ಮೂರಿಗೆ ಮರಳಲಿಲ್ಲ. ತಿಳಿದ ಹೆಂಗಸು ತಿಳಿದಂತೆ ಯಾಕೆ ನಡೆಯಲಾರಳು, ಮನೆಯಲ್ಲಿ ದುಡ್ಡು ಯಾರ ಕೈಯಲ್ಲಿದೆ, ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಆ ಪ್ರಶ್ನಾವಳಿ ಕೇಳುವುದಿಲ್ಲ. ಊರಿನ ನರ್ಸ್‌ಗೆ ಅದೆಲ್ಲ ಗೊತ್ತಿದೆ, ಬರೆಯುವ ಕ್ರಮ ಗೊತ್ತಿಲ್ಲ. ವಿದ್ಯಾರ್ಥಿಗೆ ಬರೆಯುವ ಕ್ರಮ ಗೊತ್ತಿದೆ, ಊರು ಗೊತ್ತಿಲ್ಲ. ಇಬ್ಬರನ್ನೂ ಜತೆಗೂಡಿಸಲು ಏನು ಅಡ್ಡಿ?

ಅದಕ್ಕೆ ಜಾಗ ನಮ್ಮಲ್ಲೇ ಇದೆ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರ್ 30ರಂದು ಅಡಿಗಲ್ಲು ಹಾಕಿದರು, 2020ರಲ್ಲಿ ಕೋವಿಡ್ ಆಸ್ಪತ್ರೆಯಾಗಿ ಅದು ಮೊದಲು ಬಾಗಿಲು ತೆರೆಯಿತು. ಎಂಡೋಸಲ್ಫಾನ್ ಬಿದ್ದ ಊರುಗಳ ನಡುವೆಯೇ ಅದು ನಿಂತಿದೆ. ಅಲ್ಲಿ ಹಳ್ಳಿಯ ನರ್ಸಿಂಗ್ ಸಂಶೋಧನೆಗೆಂದೇ ಒಂದು ಸಣ್ಣ ವಿಭಾಗ ತೆರೆಯಲಿ. ದೊಡ್ಡ ಕಟ್ಟಡ ಬೇಡ. ಸಂಖ್ಯಾಶಾಸ್ತ್ರ ಬಲ್ಲ ಒಬ್ಬರು, ಕನ್ನಡ-ತುಳು-ಮಲಯಾಳ ಬಲ್ಲ ಇಬ್ಬರು ನರ್ಸಿಂಗ್ ಅಧ್ಯಾಪಕಿಯರು, ಒಂದು ವಾಹನ ಸಾಕು. ಉಪಕೇಂದ್ರಗಳ ನರ್ಸ್‌ಗಳು ಸರದಿಯಂತೆ ವಾರಕ್ಕೊಂದು ದಿನ ಅಲ್ಲಿಗೆ ಬಂದು ತಮ್ಮ ರಿಜಿಸ್ಟರ್ ಮುಂದಿಟ್ಟುಕೊಂಡು ಕೂರಲಿ, ಆ ದಿನವನ್ನು ಕೆಲಸದ ದಿನವೆಂದು ಎಣಿಸಲಿ, ಅವರ ಬದಲಿಗೆ ಆ ದಿನ ಬೇರೆಯವರನ್ನು ಕಳಿಸಲಿ. ಬದಲಿಯಿಲ್ಲದೆ ಇದನ್ನು ಹೇರಿದರೆ ಇನ್ನೊಂದು ರಿಜಿಸ್ಟರ್ ಹೆಚ್ಚಾದಂತೆ, ಅದು ಬೇಡವೇ ಬೇಡ. ಹೀಗೆ ಕೆಲಸ ಮಾಡಿದವರಿಗೆ ಬಡ್ತಿಯಲ್ಲಿ ಅಂಕ ಸಿಗಲಿ, ಮುಂದೆ ಓದಲು ಸಂಬಳ ಸಹಿತ ರಜೆ ಸಿಗಲಿ. 1947ರ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಹಳ್ಳಿಯ ಸೇವೆಯನ್ನೂ ಅಲ್ಲಿನ ಸಂಶೋಧನೆಯನ್ನೂ ವೃತ್ತಿಯ ಮೆಟ್ಟಿಲಾಗಿ ಎಣಿಸುವ ನಿಯಮ ಆ ಆಯೋಗದಿಂದ ಬರುವಂತೆ ನಮ್ಮ ಶಾಸಕರೂ ಸಂಸದರೂ ಒತ್ತಾಯಿಸಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ನಮ್ಮ ಹಳ್ಳಿಗಳ ಜನ ಸರ್ವೆಗಳಿಂದ ಬಸವಳಿದಿದ್ದಾರೆ. ಪೆರ್ಲದ ಕಡೆ ಒಂದು ಮನೆಯಲ್ಲಿ ತಾಯಿ ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿ, ‘ಸಿಸ್ಟರ್, ಎಷ್ಟು ಸಲ ಬರೆದುಕೊಂಡು ಹೋದ್ರಿ, ಎಷ್ಟು ಜನ ಫೋಟೋ ತೆಗೆದ್ರು, ನನ್ನ ಮಗನಿಗೆ ಏನಾಗಿದೆ ಅಂತ ನನಗೆ ಯಾರೂ ಹೇಳಿಲ್ಲವಲ್ಲ’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಆದ್ದರಿಂದ ಯಾವ ಅಧ್ಯಯನವೇ ಆಗಲಿ, ಅದು ಯಾಕೆ, ಯಾರಿಗೆ ಉಪಯೋಗ ಎಂದು ಮನೆಯವರಿಗೆ ಅವರ ಮಾತಿನಲ್ಲಿ ತಿಳಿಸಿ, ಒಪ್ಪಿಗೆ ಪಡೆದೇ ನಡೆಯಬೇಕು. ಬೇಡ ಎಂದವರ ಮದ್ದು, ಪಿಂಚಣಿ, ಪರಿಹಾರಕ್ಕೆ ಕೂದಲೆಳೆಯಷ್ಟೂ ತೊಂದರೆಯಾಗಬಾರದು. ಮುಗಿದ ಮೇಲೆ ಕಂಡುಕೊಂಡದ್ದನ್ನು ಕನ್ನಡದಲ್ಲೂ ಮಲಯಾಳದಲ್ಲೂ ಎರಡು ಪುಟಕ್ಕೆ ಮೀರದಂತೆ ಬರೆದು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಓದಿ ಹೇಳುವವಳು ಲೆಕ್ಕ ಬರೆದ ಆ ನರ್ಸೇ ಆಗಿರಬೇಕು.

ನನ್ನ ಹತ್ತಿರ ಎರಡು ನೋಟ್‌ಬುಕ್ ಇವೆ. ಅಳಿಸಿ ಎಂದ ದಿನದ ನಂತರ ರಿಜಿಸ್ಟರಿನಲ್ಲಿ ಗೀಚುವುದನ್ನು ಬಿಟ್ಟು ನನ್ನದೇ ಪುಸ್ತಕದಲ್ಲಿ ಬರೆಯತೊಡಗಿದೆ. ಒಂದರಲ್ಲಿ ನಮ್ಮ ಸೀಮೆಯ ಜನ ಕನ್ನಡ, ತುಳು, ಹವ್ಯಕ, ಬ್ಯಾರಿ ಮಾತುಗಳಲ್ಲಿ ನೋವು, ಸಂಕಟ, ದಣಿವು, ಭಯಗಳನ್ನು ಹೇಳುವ ಪದಗಳನ್ನು, ಹೇಳಿದವರಿಗೆ ಆಮೇಲೆ ಯಾವ ಕಾಯಿಲೆ ಎಂದು ತಿಳಿಯಿತು ಎಂಬುದರ ಸಮೇತ ಬರೆದಿದ್ದೇನೆ. ಯಾರ ಹೆಸರೂ ಅದರಲ್ಲಿಲ್ಲ. ಇನ್ನೊಂದರಲ್ಲಿ ಬೀಡಿ ಕಟ್ಟಿನ ಲೆಕ್ಕದಲ್ಲಿ ಗಂಡನನ್ನು ಹೊರಳಿಸಿದಂಥ ಹೆಂಗಸರ ಉಪಾಯಗಳಿವೆ. ಕೆಲವು ಪುಟ ಗೆದ್ದಲು ತಿಂದಿದೆ, ಉಳಿದದ್ದು ಓದಲು ಬರುತ್ತದೆ. ಉಕ್ಕಿನಡ್ಕದ ಕಾಲೇಜಿನವರಾಗಲಿ, ಈ ಕೆಲಸವನ್ನು ಮುಂದುವರಿಸಲು ಮನಸ್ಸಿರುವ ಯಾವುದೇ ನರ್ಸಿಂಗ್ ವಿದ್ಯಾರ್ಥಿನಿಯಾಗಲಿ ನಿಮ್ಮ ಪತ್ರಿಕೆಯ ಮೂಲಕ ತಿಳಿಸಿದರೆ, ಎರಡನ್ನೂ ನಾನೇ ಬಸ್ಸಿನಲ್ಲಿ ತಂದು ಕೊಡುತ್ತೇನೆ, ಅರ್ಥವಾಗದ ಪದಗಳನ್ನು ಪಕ್ಕದಲ್ಲಿ ಕೂತು ಬಿಡಿಸಿ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪಬ್ಲಿಕ್ ಹೆಲ್ತ್ ನರ್ಸ್,
ಎಣ್ಮಕಜೆ, ಕಾಸರಗೋಡು ಜಿಲ್ಲೆ